ಸೈಲೆನ್ಸರಿನ ಬಾಯಿ

ಲಿಯೆಪಾಯದ ಚಳಿ ಮುಗಿದರೂ ರಸ್ತೆಯ ಉಪ್ಪು
ಕಾರುಗಳ ಹೊಟ್ಟೆಯಡಿ ಇನ್ನೂ ಕಚ್ಚಿಕೊಂಡೇ ಇದೆ.
ನಾಲ್ಕಕ್ಕೆ ಗಿರಾಕಿ. ವಿಲ್ನಿಸ್ ಹೇಳಿ ಹೋದ:
"ಮದಾರಾ, ಹಿಂದಿನ ಎರಡೂ ಕೊಳವೆ ಫಳಫಳ ಅನ್ನಬೇಕು."

ಮೊಣಕಾಲಿಗೆ ರಟ್ಟು ಹಾಸಿ ಕೂತೆ.
ಬ್ರೆಡ್ಡು ಸುತ್ತಿ ತಂದ ಅಲ್ಯೂಮಿನಿಯಂ ಹಾಳೆಯನ್ನೇ
ಉಂಡೆ ಮಾಡಿ, ನೀರಲ್ಲದ್ದಿ, ತಿಕ್ಕಿದೆ.
ಉಪ್ಪಿನ ಚುಕ್ಕೆ ಮೊದಲು ಬಿಟ್ಟವು, ಆಮೇಲೆ ಕಂದು,
ಆಮೇಲೆ ಪೇಸ್ಟು, ಹಳೆ ಬನಿಯನ್ನು, ಬಾಯುಸಿರು.
ಅಂಚಿನ ನೀಲಿ ಹೋಗಲಿಲ್ಲ.
ಅದು ಕೊಳೆಯಲ್ಲ, ಬೆಂದ ಬಣ್ಣ; ಇರಲಿ ಅಂದೆ.

ಒಂದು ಹೊಳೆಯಿತು. ಅದರಲ್ಲಿ ನನ್ನ ಮುಖ
ಸೌಟಿನ ಬೆನ್ನಲ್ಲಿ ಕಂಡ ಹಾಗೆ, ಬರೀ ಮೂಗು,
ಹಿಂದೆ ಬಂದರಿನ ಕ್ರೇನು ಬಿಲ್ಲಾಗಿ ಬಾಗಿ.

ಎರಡನೆಯದರೊಳಗೆ ಬೆರಳಿಟ್ಟೆ.
ಒಣ ಮಸಿಯಾದರೆ ಊದಿದರೆ ಹಾರುತ್ತೆ.
ಇದು ಹಾರಲಿಲ್ಲ. ಜಿಡ್ಡು. ಬಾಣಲೆ ತಳದ ವಾಸನೆ.
ಎಂಜಿನ್ನು ಗುಟ್ಟಾಗಿ ಎಣ್ಣೆ ಕುಡಿಯುತ್ತಿದೆ,
ಕುಡುಕನ ಬಾಯಿ ತೊಳೆಯುವ ಕೂಲಿ ನನಗೆ.

ಮೂರೂವರೆ. ಬಟ್ಟೆಯಲ್ಲಿನ್ನೂ ಪೇಸ್ಟಿತ್ತು.
ಹೊರಗೆಲ್ಲ ಉಜ್ಜಿದೆ. ಒಳಗೆ ಮುಟ್ಟಲಿಲ್ಲ.

ಬಂದವಳು ಝೆಂಟಾ, ಮೀನಿಗೆ ಹೊಗೆ ಕೊಟ್ಟು ಮಾರುವವಳು,
ನಲವತ್ತು ವರ್ಷದ ಹೊಗೆ ಅವಳ ಸ್ವೆಟರಿನಲ್ಲಿ.
ಹೊಳಪು ನೋಡಿ "ಚೆನ್ನಾಗಿದೆ" ಎಂದಳು,
ಕಿರುಬೆರಳನ್ನು ನೇರ ಒಳಗೆ ತೂರಿಸಿದಳು.
ಮೂಸಿ ಕೇಳಿದಳು: "ಏನಪ್ಪಾ, ಹಸಿ ಸೌದೆಯೇ?"
ವಿಲ್ನಿಸ್ ಕೆಮ್ಮಿದ. ನಾನೂರು ಯೂರೋ ಇಳಿಯಿತು.

ನಡುವೆ ಒಮ್ಮೆ ನನ್ನ ಕೈ ನೋಡಿದಳು,
ಉಗುರಿನ ಸಂದಿಯ ಕಪ್ಪು.
ಬೆರಳೊರೆಸಿಕೊಳ್ಳಲೆಂದು
ಚೊಕ್ಕ ಮೂಲೆ ಹುಡುಕಿ ಬಟ್ಟೆ ಚಾಚಿದೆ.