ಕಪ್ಪು ಪಾಲಿಶ್

ಬಸ್ರಾದ ಅಶಾರ್ ಕಡೆಯ ಒಂದು ಚೌಕದ ಮೂಲೆಯಲ್ಲಿ
ನನ್ನದು ಪಂಚರ್ ಅಂಗಡಿ.
ಆಗಸ್ಟಿನಲ್ಲಿ ಐದಕ್ಕೇ ಬಾಗಿಲು ತೆಗೆಯುತ್ತೇನೆ.
ಹತ್ತಕ್ಕೆ ಸ್ಪ್ಯಾನರು ಅಂಗೈ ಸುಡುತ್ತದೆ,
ಹನ್ನೆರಡಕ್ಕೆ ಬಟ್ಟೆ ಸುತ್ತಿಕೊಂಡರೂ ಸುಡುತ್ತದೆ.

ಆಮೇಲೆ ಕರೆಂಟು ಹೋಗುತ್ತದೆ, ದಿನಾ.
ಸಿಗ್ನಲ್ಲಿನ ಮೂರು ಕಣ್ಣೂ ಒಟ್ಟಿಗೆ ಮುಚ್ಚುತ್ತವೆ.
ಪೇದೆ ಚಾಸಿಬ್ ಇಳಿಯುತ್ತಾನೆ ಚೌಕದ ನಡುವಿಗೆ,
ಟೋಪಿಯ ಕೆಳಗೆ ಒದ್ದೆ ಟವೆಲು.
ಮೆತ್ತಗಾದ ಡಾಂಬರಿಗೆ ಅವನ ಬೂಟು ಅಂಟುತ್ತದೆ,
ಕಿತ್ತು ಕಿತ್ತು ನಡೆಯುತ್ತಾನೆ
ಗದ್ದೆಗಿಳಿದವನ ಹಾಗೆ.

ಐವತ್ತು ದಾಟಿದ ಮೇಲೆ ಡಿಗ್ರಿ ಎಷ್ಟೆಂದು ಯಾರೂ ಕೇಳುವುದಿಲ್ಲ.
ಒಂದಂತೂ ನೋಡಿದ್ದೇನೆ:
ಬೆಳಿಗ್ಗೆ ನನ್ನ ಮಕ್ಕಳ ಕ್ಷೇಮ ಕೇಳಿದ ಚರಿತ್ರೆ ಮೇಷ್ಟರು
ಮಧ್ಯಾಹ್ನ ಇದೇ ಚೌಕದಲ್ಲಿ
ಹಾರ್ನಿನ ಮೇಲಿಟ್ಟ ಕೈ ತೆಗೆಯುವುದನ್ನೇ ಮರೆಯುತ್ತಾರೆ.
ಮಿನಿಬಸ್ಸಿನ ಡ್ರೈವರು ಕಣ್ಣು ಬಿಟ್ಟುಕೊಂಡೇ
ಎಲ್ಲಿಗೋ ಹೋಗಿಬಿಟ್ಟಿರುತ್ತಾನೆ;
ಚಾಸಿಬ್ ಬಾನೆಟ್ಟು ತಟ್ಟಿ ವಾಪಸು ಕರೆಯಬೇಕು.

ಇರಲಿ, ಊರಿನ ಮಾತು ಸಾಕು.
ನನ್ನದು ಹೇಳುತ್ತೇನೆ.

ಹಳೇ ಟೈರು ಹಡಗಿನಲ್ಲಿ ಬರುತ್ತವೆ,
ಯಾವುದೋ ಚಳಿದೇಶ ಓಡಿಸಿ ಬಿಸಾಕಿದವು.
ಪಕ್ಕೆಯಲ್ಲಿ ಹಿಮ್ಮಡಿಯಂಥ ಬಿರುಕು.
ಬ್ರಷ್ಷಿನಲ್ಲಿ ಎರಡು ಕೋಟು ಕಪ್ಪು ಪಾಲಿಶ್ ಎಳೆದರೆ
ಮದುಮಗನ ಮೀಸೆಯ ಹಾಗೆ ಮಿಂಚುತ್ತವೆ.
ಅಂಥದೊಂದನ್ನು ಜುಲೈಯಲ್ಲಿ ಕರ್ರಾರನಿಗೆ ಮಾರಿದೆ.
ಹತ್ತೊಂಬತ್ತರ ಹುಡುಗ,
ಮೂರು ಗಾಲಿಯ ಗಾಡಿಯಲ್ಲಿ
ಮೀನು ಮಾರ್ಕೆಟ್ಟಿಗೆ ಐಸ್ ಹೊಡೆಯುತ್ತಾನೆ.

ಮೊನ್ನೆ ಸದ್ದಾಯಿತು.
ಬಾಂಬೆಂದು ಎಲ್ಲರೂ ತಲೆ ತಗ್ಗಿಸಿದೆವು,
ಹಳೇ ಅಭ್ಯಾಸ.
ತಲೆ ಎತ್ತಿದರೆ ಗಾಡಿ ಮಗುಚಿತ್ತು,
ಬಾಗಿಲಿನಷ್ಟು ಉದ್ದದ ಐಸ್ ಗಡ್ಡೆಗಳು
ಹೊಗೆಯಾಡುತ್ತ ಜಾರುತ್ತಿದ್ದವು ಟ್ಯಾಕ್ಸಿಗಳ ನಡುವೆ.
ಒಂದು ಚಕ್ರಕ್ಕೂ ಯಾರೂ ಸಿಗಲಿಲ್ಲ, ದೇವರು ದೊಡ್ಡವನು.
ಹಾರ್ನುಗಳು ನಿಂತವು.
ಹೆಂಗಸರು ಇಳಿದು ಚೂರುಗಳನ್ನು ಸೆರಗಿಗೆ ತುಂಬಿಕೊಂಡರು,
ಮೇಷ್ಟರು ಒಂದನ್ನು ಹಣೆಗೊತ್ತಿಕೊಂಡರು,
ಚಾಸಿಬ್ ಟೋಪಿ ತೆಗೆದು ಒಳಗೊಂದು ತುಂಡಿಟ್ಟು
ಹಾಗೇ ಹಾಕಿಕೊಂಡ.
ಇಡೀ ಬೇಸಿಗೆಯಲ್ಲಿ ಆ ಚೌಕ ನಕ್ಕಿದ್ದು
ಆ ನಾಲ್ಕು ನಿಮಿಷ.

ಬಿದ್ದವನನ್ನು ಎಬ್ಬಿಸಿದಾಗ
ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ
ರಸ್ತೆಯಲ್ಲೇ ಉಳಿದಿತ್ತು.
ತರಚಿದ್ದಲ್ಲ, ಬೆಂದದ್ದು.

ಇವತ್ತು ಬಂದಿದ್ದ, ಕೈಗೆ ಪಟ್ಟಿ.
ಸತ್ತ ಹಾವಿನಂಥ ಟೈರಿನ ಚೂರನ್ನು ನನ್ನ ಮೇಜಿನ ಮೇಲಿಟ್ಟ.
ಬಯ್ಯಲಿ ಎಂದು ಕಾದೆ.
ನಿಂಬೆ ಚಹಾ ಕೊಟ್ಟೆ, ಕುಡಿದ.
'ಇಂಥದೇ ಇನ್ನೊಂದು ಇದೆಯಾ, ಅಗ್ಗಕ್ಕೆ?'

ಪಾಲಿಶ್ ಹಚ್ಚದ್ದನ್ನು ಕೆಳಗಿಳಿಸಿದೆ.
ಉಗುರಿನಿಂದ ಬಿರುಕು ಬಿಡಿಸಿ ತೋರಿಸಿದೆ:
ನೋಡು, ಇದು ಹೀಗೆ.

'ಗೊತ್ತು' ಅಂದ.
'ಆವತ್ತೂ ಗೊತ್ತಿತ್ತು.
ಎಷ್ಟು ಹೇಳು.'