ತಡೆಯಾಜ್ಞೆಯಲ್ಲಿರುವ ಸೊಪ್ಪು

ಲಗ್ಗೆರೆಯಲ್ಲಿ, ನಾನು ಕೆಲಸಕ್ಕಿರುವ ಮೆಡಿಕಲ್ ಶಾಪಿನೆದುರು
ಒಂದು ಖಾಲಿ ಸೈಟು.
ಅಣ್ಣನದೋ ತಮ್ಮನದೋ, ಹತ್ತೊಂಬತ್ತು ವರ್ಷದಿಂದ
ಕೋರ್ಟು ಯೋಚಿಸುತ್ತಿದೆ.
ತುಕ್ಕು ತಿಂದ ಬೋರ್ಡಿನಲ್ಲಿ
'ಅತಿಕ್ರಮ ಪ್ರವೇಶ ಶಿಕ್ಷಾ' ಇಷ್ಟೇ ಉಳಿದಿದೆ,
ಮಿಕ್ಕಿದ್ದರ ಮೇಲೆ ಅಮೃತಬಳ್ಳಿ.

ಅಕ್ಕಯ್ಯಮ್ಮ ಬರುವುದು
ನಾನು ಶಟರ್ ಎತ್ತುವ ಹೊತ್ತಿಗೆ.
ತಂತಿಬೇಲಿಯ ಹರಕಲಲ್ಲಿ ಮೊದಲು ಚೀಲ,
ಆಮೇಲೆ ಸೆರಗು, ಆಮೇಲೆ ಅವಳು.
ತುಂಬೆ, ಆಡುಸೋಗೆ, ಉತ್ತರಾಣಿ,
ಯಾರೋ ಒಡೆದ ಕುಂಡ ಎಸೆದಲ್ಲಿ
ತಾನಾಗಿ ಹಬ್ಬಿದ ದೊಡ್ಡಪತ್ರೆ.
ಮೋರಿ ಪಕ್ಕದ ಒಂದೆಲಗ ಮುಟ್ಟಳು.
ಟ್ರಾನ್ಸ್‌ಫಾರ್ಮರ್ ಕೆಳಗಿನದ್ದೂ ಬೇಡ:
"ಅದು ಎಣ್ಣೆ ಕುಡ್ದೈತೆ ಕಣಪ್ಪ,
ಕುಡುಕನ ಕೈಲಿ ಯಾರಾದ್ರೂ ಔಷ್ದಿ ಇಸ್ಕೊಂತಾರಾ?"

ಒಮ್ಮೆ ಮೂರು ವಾರ ಕೆಮ್ಮಿದೆ.
ಕೌಂಟರಿನ ಹಿಂದೆ ಹನ್ನೆರಡು ಬಗೆ ಸಿರಪ್ಪು,
ಕೆಂಪು, ಹಸಿರು, ಸಕ್ಕರೆ ಇಲ್ಲದ್ದು,
ಎಲ್ಲದರ ರುಚಿಯೂ ಗೊತ್ತು.
ಅವಳು ದೊಡ್ಡಪತ್ರೆ ಎಲೆಯನ್ನು
ಟೀ ಅಂಗಡಿಯ ಸ್ಟೌ ಮೇಲೆ ಬಾಡಿಸಿ,
ಚಮಚಕ್ಕೆ ಹಿಂಡಿ, ಜೇನು ಬೆರೆಸಿ ಕೊಟ್ಟಳು.
ಜೇನು ನಮ್ಮ ಅಂಗಡಿಯದೇ,
ದುಡ್ಡು ನಾನೇ ಗಲ್ಲಕ್ಕೆ ಹಾಕಿದೆ.
ಕೆಮ್ಮು ಹೋಯಿತು.
ತಾನಾಗೇ ಹೋಗುವುದಿತ್ತೋ ಏನೋ.
ಓನರ್ ಕೇಳಿದಾಗ ಸಿರಪ್ಪು ಎಂದೆ.

ಅವಳ ಬಿಪಿ ಮಾತ್ರೆ ಮಾತ್ರ ನನ್ನ ಹತ್ತಿರವೇ.
ಓದು ಬಾರದು; ಕವರಿನ ಮೇಲೆ
ಬೆಳಿಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ,
ಬಾಲ್ ಪೆನ್ನಿನಲ್ಲಿ ಬರೆದುಕೊಡುತ್ತೇನೆ.
"ಇದಕ್ಕೆ ಸೊಪ್ಪಿಲ್ವಾ?" ಎಂದು ರೇಗಿಸಿದೆ.
"ಐತೆ. ನಂಗೇ ನನ್ ಮೇಲೆ ಅಷ್ಟು ನಂಬ್ಕೆ ಇಲ್ಲ."

ನಗುತ್ತಾಳೆಂದು ಕಾದೆ. ನಗಲಿಲ್ಲ.

ಗಾರ್ಮೆಂಟ್ಸಿನ ಶಮೀಮ್ ಮಗನನ್ನು ಎತ್ತಿಕೊಂಡು ಬಂದಳು,
ಕಾಮಾಲೆ, ಒಂದು ಹಿಡಿ ನೆಲನೆಲ್ಲಿ ಬೇಕಂತೆ.
ಅಕ್ಕಯ್ಯಮ್ಮ ಗಿಡ ಕಿತ್ತಳು, ಮಣ್ಣು ಕೊಡವಿದಳು,
ಆಮೇಲೆ ಹುಡುಗನ ರೆಪ್ಪೆ ಎಳೆದು ನೋಡಿದಳು.
ಕಿತ್ತ ಗಿಡವನ್ನು ಕಿತ್ತಲ್ಲೇ ಊರಿ,
ಕಾಲಲ್ಲಿ ಮಣ್ಣು ಒತ್ತಿ,
"ದೊಡ್ಡಾಸ್ಪತ್ರೆಗೆ ನಡಿ. ಈಗ್ಲೇ.
ಆಟೋಗೆ ದುಡ್ಡೈತಾ?"

ಆಟೋ ತಿರುವು ದಾಟಿದ ಮೇಲೆ
ಅಂಗಡಿ ಮೆಟ್ಟಿಲಲ್ಲಿ ಕೂತು ಹೇಳಿದಳು:
"ನಮ್ ಹುಡ್ಗಿಗೆ ಹನ್ನೊಂದು ದಿನ ಅರೆದು ಕುಡಿಸಿದ್ದೆ."
ಹನ್ನೆರಡನೆಯ ದಿನದ ಮಾತೆತ್ತಲಿಲ್ಲ.
ಗಿರಾಕಿ ಬಂದ, ನಾನು ಎದ್ದೆ.

ಶಮೀಮ್ ಮಗ ಈಗ ಅದೇ ಸೈಟಿನಲ್ಲಿ ಕ್ರಿಕೆಟ್ ಆಡುತ್ತಾನೆ,
ತುಂಬೆ ತುಳಿದದ್ದಕ್ಕೆ ಬೈಸಿಕೊಳ್ಳುತ್ತಾನೆ.

ಮೊನ್ನೆ ನನಗೆ ಜ್ವರ, ಎರಡು ದಿನ ಅಂಗಡಿಗೆ ಹೋಗಲಿಲ್ಲ.
ಟೀ ಅಂಗಡಿಯವನು ಹೇಳಿರಬೇಕು.
ಇವತ್ತು ನೋಡಿದರೆ ಶಟರಿನ ಬೀಗಕ್ಕೆ ಸಿಕ್ಕಿಸಿದ ಪೊಟ್ಟಣ:
ನಮ್ಮದೇ ಅಂಗಡಿಯ ಹಳೇ ಕವರು,
ಒಳಗೆ ತುಂಬೆ ಹೂ, ನಾಲ್ಕು ಕಾಳುಮೆಣಸು.
ಮೇಲೆ ಇದ್ದಿಲಲ್ಲಿ ಒಂದು ಸೂರ್ಯ,
ನನ್ನದಕ್ಕಿಂತ ದುಂಡಗೆ.
ಹಿಂಬದಿಯಲ್ಲಿ ಡೊಂಕು ಡೊಂಕಾಗಿ ಏನೋ,
ಕೆಳಗೆ ಮೂರು ಸೊನ್ನೆ.
ಬೆಳಕಿಗೆ ಹಿಡಿದು ಸುಮಾರು ಹೊತ್ತು ತಿರುಗಿಸಿದೆ.

ಆಟೋ.