ಮುಚ್ಚಳಗಳು

ಬಾತುಮಿಯ ಕಡಲ ದಂಡೆಯಲ್ಲಿ ನನ್ನ ಅಂಗಡಿ.
ಹಿತ್ತಾಳೆ ತಟ್ಟೆಯ ತುಂಬ ಕಾದ ಮರಳು,
ಅದರಲ್ಲಿ ಕತ್ತಿನ ತನಕ ಹೂತು ಕುದಿಯುವ
ಏಳು ಪುಟ್ಟ ಕಾಫಿಪಾತ್ರೆ.
ಎದುರಿಗೆ ಎರಡು ಬೆಂಚು, ನಾರ್ದಿಯ ಹಲಗೆ,
ಪಿಂಚಣಿದಾರರ ಕೆಮ್ಮು.

ಓತಿಯಾ ಬಂದನೆಂದರೆ ಎಂಟೂವರೆ.
ಕುಶಲ ಇಲ್ಲ, ಹವೆಯ ಮಾತಿಲ್ಲ.
"ತ್ಸಿಯೂರಿ, ಹೇಳು,
ಮೀನಿಗೆ ಬಾಯಾರಿಕೆ ಆಗುತ್ತದಾ?"

ನಾನೇನು ಹೇಳಲಿ. ಸಕ್ಕರೆ ಎಷ್ಟು ಅಂದೆ.

ಹಿಂದಿನ ದಿನದ್ದು ಬೇರೆ:
ಕೈಸೂಜಿಗೆ ಬಾಲದಲ್ಲಿ ಕಣ್ಣು,
ಹೊಲಿಗೆ ಯಂತ್ರದ ಸೂಜಿಗೆ ಮೂತಿಯಲ್ಲೇಕೆ.
ಅದಕ್ಕೂ ಮುಂಚೆ: ಹುಟ್ಟುಕುರುಡರ ಕನಸಿನಲ್ಲಿ ಏನಿರುತ್ತದೆ.
ಒಂದು ಬೆಳಗ್ಗೆ ಪೂರಾ
ಗುಂಡಿ.
ಗಂಡಸರ ಅಂಗಿಗೆ ಬಲಕ್ಕೆ, ಹೆಂಗಸರದಕ್ಕೆ ಎಡಕ್ಕೆ,
ಯಾರು ಹಂಚಿಕೊಟ್ಟರು ಅಂತ.
ಜೆಮಾಲ್ ಬಗ್ಗಿ ತನ್ನ ಅಂಗಿ ನೋಡಿಕೊಂಡ. ನಾನೂ.
ಅರವತ್ತು ವರ್ಷ ಹಾಕಿದ್ದೇನೆ, ಬಿಚ್ಚಿದ್ದೇನೆ,
ನೋಡಿರಲಿಲ್ಲ.

ದಾಳ ಉರುಳಿತು. "ದು ಶಾಶ್!" ಜೆಮಾಲ್ ಕೂಗಿದ, ಜೋಡಿ ಆರು.
ಓತಿಯಾ ಹಲಗೆಯ ಮೇಲೆ ಕೈ ಅಡ್ಡ ಇಟ್ಟ.
"ಆರು ಅನ್ನೋದಕ್ಕೆ ನಮ್ಮದೇ ಮಾತಿದೆಯಲ್ಲ,
ಸಂತೆಗೆ ಅದೇ, ಶಾಲೆಗೆ ಅದೇ, ಸಾಲಕ್ಕೆ ಅದೇ.
ದಾಳ ಬಿದ್ದ ಕೂಡಲೇ ಯಾಕೆ ಪಾರಸಿಯಲ್ಲಿ ಎಣಿಸ್ತೀವಿ?
ಅದೃಷ್ಟಕ್ಕೆ ನಮ್ಮ ಭಾಷೆ ಬರೋದಿಲ್ಲವಾ?"
"ಮೊದಲು ಕೈ ತೆಗಿ," ಅಂದ ಜೆಮಾಲ್. ಗೆಲ್ಲುತ್ತಿದ್ದ ಪಾಪ.

ಬಂದರಿನ ಹುಡುಗರು ಅವನನ್ನು ಕರೆಯುವುದೇ 'ಯಾಕೆ' ಅಂತ.
ಯಾಕೆ ಬಂದ, ಯಾಕೆ ಹೋದ, ಯಾಕೆಗೊಂದು ಕಾಫಿ.

ಈ ಚಟ ಎಂದಿನದು ಎಂದು ನಾನೊಮ್ಮೆ ಕೇಳಿದೆ.
ಹಡಗುಕಟ್ಟೆಯ ಕಡೆ ಗದ್ದ ತಿರುಗಿಸಿದ.
"ಅಗೋ, ಆ ಮೂರನೇ ಕ್ರೇನು.
ಮೂವತ್ತೊಂದು ವರ್ಷ ಅದರ ನೆತ್ತಿಯಲ್ಲಿ ಕೂತಿದ್ದೆ.
ಹಡಗಿನಿಂದ ಪೆಟ್ಟಿಗೆ ಎತ್ತು, ರೈಲಿಗೆ ಇಳಿಸು.
ಮೇಲಿನಿಂದ ಕಾಣೋದು ಬರೀ ಮುಚ್ಚಳ.
ನೀಲಿ ಮುಚ್ಚಳ, ತುಕ್ಕು ಮುಚ್ಚಳ, ಹಕ್ಕಿ ಹಿಕ್ಕೆಯ ಮುಚ್ಚಳ.
ಒಳಗೆ ಪಿಯಾನೋ ಇತ್ತೋ, ಈರುಳ್ಳಿಯೋ,
ಯಾರೋ ಊರು ಬಿಟ್ಟವರ ಅಷ್ಟೂ ಪಾತ್ರೆಪಗಡವೋ.
ಒಂದು ಸಲ, ಒಂದೇ ಒಂದು ಸಲ, ಒಳಗೇನೋ ಉರುಳಿತು.
ಉಕ್ಕಿನ ಹಗ್ಗದ ಗುಂಟ ಆ ನಡುಕ
ನನ್ನ ಅಂಗೈಗೆ ಬಂತು.
ಇಳಿಸಿಬಿಟ್ಟೆ. ಸಂಬಳ ಎತ್ತೋದಕ್ಕೆ ತಾನೆ,
ತೆರೆಯೋದಕ್ಕಲ್ಲವಲ್ಲ."

ಕಳೆದ ಚಳಿಗಾಲ ಒಬ್ಬಳು ಬಂದಳು,
ಹಡಗು ತಡವಾಗಿ ಬೆಂಚಿಗೆ ಬಿದ್ದ ಮೀನಿನ ಡಾಕ್ಟರು.
ಮೀನಿನ ಬಾಯಾರಿಕೆ ಅವಳ ಕಿವಿಗೆ ಬಿತ್ತು.
ಕಾಗದದ ಕರವಸ್ತ್ರ ಹರಡಿ ಕಿವಿರು ಬರೆದಳು, ಬಾಣ ಬರೆದಳು:
ಕಡಲ ಮೀನು ಕುಡಿಯುತ್ತಲೇ ಇರುತ್ತದೆ,
ಉಪ್ಪನ್ನು ಹೊರಗೆ ದಬ್ಬುತ್ತದೆ.
ಹೊಳೆಯ ಮೀನಿಗೆ ಕುಡಿಯುವ ಗೊಡವೆಯೇ ಇಲ್ಲ.

ಓತಿಯಾ ಎದ್ದು ಅವಳ ಕೈ ಕುಲುಕಿದ.
ಕಾಫಿ ಅರ್ಧ ಬಿಟ್ಟು ಹೋದ.
ಮರುದಿನ ಬರಲಿಲ್ಲ. ಅದರ ಮರುದಿನವೂ.
ಜೆಮಾಲ್ ಎರಡೂ ಕಡೆಯ ಕಾಯಿ ತಾನೇ ಆಡಿ
ಸೋತು, ಸಿಟ್ಟಾಗಿ, ಮನೆಗೆ ಹೋದ.
ಉತ್ತರ ಸಿಕ್ಕವನನ್ನು
ವಿಚಾರಿಸಿಕೊಂಡು ಹೋಗುವುದು ಹೇಗೆ?
ಜ್ವರವಾದರೆ ಜೇನುತುಪ್ಪ ಒಯ್ಯಬಹುದು.

ನಾಲ್ಕನೇ ದಿನ, ಎಂಟಕ್ಕೇ,
ನಿದ್ದೆಗೆಟ್ಟ ಕಣ್ಣು, ಗುಂಡಿ ತಪ್ಪಿ ಹಾಕಿದ ಅಂಗಿ.
ಜೇಬಿನಿಂದ ಅದೇ ಕರವಸ್ತ್ರ ತೆಗೆದ.
"ಹಾಗಾದರೆ ತ್ಸಿಯೂರಿ,
ಹೊಳೆಯಲ್ಲಿ ಹುಟ್ಟಿ ಕಡಲಿಗೆ ಬರೋ ಮೀನು
ಮೊದಲ ಗುಟುಕು ಎಲ್ಲಿ ಕುಡಿಯುತ್ತೆ?
ಚೊರೊಖಿಯ ಅಳಿವೆಯಲ್ಲಾ? ಇನ್ನೂ ಸ್ವಲ್ಪ ಮುಂದಾ?
ಯಾರಾದರೂ ಕಲಿಸ್ತಾರಾ, ಇಲ್ಲ ಬಾಯಿ ತಾನಾಗಿ ತೆರೆಯುತ್ತಾ?"

ಎರಡು ಚಮಚ ಸಕ್ಕರೆ ಹಾಕಿದೆ, ಕೇಳದೆ.

ರಾತ್ರಿ ಅಂಗಡಿ ಮುಚ್ಚಿ
ಇನ್ನೂ ಬಿಸಿಯಿದ್ದ ಮರಳನ್ನು ಜರಡಿ ಹಿಡಿಯುತ್ತಿದ್ದೆ.
ಕೈ ನಿಂತಿತು.
ಆ ಪೆಟ್ಟಿಗೆಯಲ್ಲಿ ಉರುಳಿದ್ದು ಏನಿರಬಹುದು?
ದುಂಡಗಿನದೇ ಇರಬೇಕು.
ನಾಳೆ ಕೇಳಬೇಕು ಅವನನ್ನು:
ಉರುಳಿ ಹೋದದ್ದು ಅಷ್ಟೇನಾ,
ವಾಪಸ್ಸೂ ಬಂತಾ.